ಐಕ್ಯಸೇವಕರಾದ ಬಿಷಪ್ ಅಜರಯ್ಯನವರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಮ್ಮ ಜನರು ಉಂಡೆಕೊಬ್ಬರಿಗಾಗಿ ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ಹೆಚ್ಚು ಕಡಿಮೆ ಒಂದು ವರ್ಷ ಇಟ್ಟು ಕಾಯುವರು. ಒಳಗಿನ ನೀರು ಇಂಗಿ ತಿರುಳು ತಾನಾಗಿ ಚಿಪ್ಪನ್ನು ಬಿಡುವ ಮುನ್ನ ಒಡೆದರೆ ಕೊಬ್ಬರಿ ಕೈಗೆ ಬಾರದೆಂಬುದನ್ನು ಅವರು ಬಲ್ಲರು. ಸಭೆಯೊಳಗಿನ ಭಿನ್ನಾಭಿಪ್ರಾಯದಲ್ಲಿ ಇಂತಹ ತಾಳ್ಮೆಯನ್ನು ತೋರಿದ ಮಹನೀಯರೊಬ್ಬರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರ ಮುಂದಿಡಲು ಇಚ್ಛಿಸುತ್ತೇವೆ.

ವೇದನಾಯಗಂ ಸಾಮುವೇಲ ಅಜರಯ್ಯನವರು 1874ರಲ್ಲಿ ತಿರುನೆಲ್ವೇಲಿ ಸೀಮೆಯ ಹಳ್ಳಿಯೊಂದರಲ್ಲಿ ಆಂಗ್ಲಿಕನ್ ಬೋಧಕರ ಮಗನಾಗಿ ಜನಿಸಿದರು. 1910ರಲ್ಲಿ ಎಡಿನ್‌ಬರೋ ನಗರದ ಮಹಾಸಮ್ಮೇಳನದಲ್ಲಿ ಮಾತನಾಡುತ್ತ, ಮಿಷನೆರಿಗಳು ಭಾರತೀಯ ಸಹೋದ್ಯೋಗಿಗಳನ್ನು ಸರಿಸಮಾನರಾದ ಗೆಳೆಯರಂತೆ ಕಾಣುವುದು ವಿರಳವೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಕೇಳಿದವರಲ್ಲಿ ಕೆಲವರು ನೊಂದುಕೊಂಡರು. ಆದರೂ ಇವರು ಅವರ ಸಹವಾಸವನ್ನು ತೊರೆಯಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅಭಿಷಿಕ್ತರಾಗಿ, ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪ್ಪರಾದರು. ಈ ನೇಮಕವನ್ನು ಒಪ್ಪದವರಲ್ಲಿ ಮಿಷನೆರಿಗಳೂ ಇದ್ದರು, ಭಾರತೀಯ ಕ್ರೈಸ್ತರೂ ಇದ್ದರು. ಅಜರಯ್ಯನವರು ತೆಲುಗನ್ನು ಕಲಿತು, ದೋರ್ನಕಲ್ ಸೀಮೆಯ ಬಡ ಹಳ್ಳಿಗರ ನಡುವೆ ಕಡೆಯವರೆಗೂ ದುಡಿದರು.

1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಹಲವು ಸಭೆಗಳ ಸೇವಕರು ಸೇರಿ, ದಕ್ಷಿಣ ಭಾರತದ ಸಭೆಗಳು ಒಂದಾಗಬೇಕೆಂದು ಕರೆಕೊಟ್ಟರು. ಇವರಲ್ಲಿ ಅಜರಯ್ಯನವರು ಪ್ರಮುಖರು. ಆದರೆ ದಾರಿ ಸುಗಮವಾಗಿರಲಿಲ್ಲ. ಬಿಷಪ್ಪರ ಹಸ್ತದಿಂದ ದೀಕ್ಷೆ ಹೊಂದದವರನ್ನು ಬೋಧಕರೆಂದು ಅಂಗೀಕರಿಸುವುದು ಹೇಗೆಂದು ಆಂಗ್ಲಿಕನರು ಸಂಕಟಪಟ್ಟರು. ನಮ್ಮ ದೀಕ್ಷೆ ಕೀಳೆ, ಎಂದು ಇತರರು ನೊಂದರು. ಎರಡು ಕಡೆಯ ನೋವೂ ನಿಜವಾದುದೇ ಆಗಿದ್ದಿತು.

ಅನೇಕ ವರ್ಷಗಳ ಸಮಾಲೋಚನೆಯ ಫಲವಾಗಿ ಒಂದು ಒಡಂಬಡಿಕೆ ಸಿದ್ಧವಾಯಿತು. ಆಗಲೇ ಸೇವೆಯಲ್ಲಿದ್ದ ಬೋಧಕರನ್ನು ಮರುದೀಕ್ಷೆಯಿಲ್ಲದೆ ಅಂಗೀಕರಿಸುವುದು. ಮುಂದಿನ ದೀಕ್ಷೆಗಳನ್ನು ಬಿಷಪ್ಪರೇ ನೀಡುವುದು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಏರ್ಪಾಡನ್ನು ಹೇರದಿರುವುದು. ಹೆಚ್ಚು ಮತ ಪಡೆದವರು ಉಳಿದವರ ಬಾಯಿ ಮುಚ್ಚಿಸಲಿಲ್ಲ. ಅವರ ಅಂಜಿಕೆಗೂ ಒಡಂಬಡಿಕೆಯಲ್ಲಿ ಸ್ಥಳವನ್ನು ಕೊಟ್ಟರು.

ಅಜರಯ್ಯನವರು 1945ರ ಜನವರಿ 1ರಂದು ದೈವಾಧೀನರಾದರು. ಅದೇ ತಿಂಗಳಲ್ಲಿ ಆಂಗ್ಲಿಕನ್ ಮಹಾಸಭೆಯು ಐಕ್ಯಕ್ಕೆ ಸಮ್ಮತಿಸಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಉದಯಿಸಿತು. ನೆರೆಯ ಗುಬ್ಬಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ವೆಸ್ಲಿಯನ್ ಮಿಷನ್ನಿನವರು ಬಿತ್ತಿದ ಬೆಳೆಯೂ ಈ ಐಕ್ಯದೊಳಗೆ ಸೇರಿತು. ಮೆಥಡಿಸ್ಟರಾಗಿದ್ದ ಗುರುಶಾಂತನವರು ಮೈಸೂರಿನ ಬಿಷಪ್ಪರಾದರು. ಆದರೆ ಅಜರಯ್ಯನವರ ಸ್ವಂತ ಡಯಾಸಿಸಿಗೇ ಸೇರಿದ್ದ ನಂದ್ಯಾಲದ ಅನೇಕರು ಅಂದು ಹೊರಗೇ ಉಳಿದರೆಂಬುದನ್ನು ನಾವು ಮರೆಮಾಚಲಾರೆವು. ಬಲವಂತವಿಲ್ಲದ ಐಕ್ಯಕ್ಕೆ ಇಂತಹ ನೋವೂ ತಪ್ಪಿದುದಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ಮನೆಯಲ್ಲಾಗಲಿ ಸಭೆಯಲ್ಲಾಗಲಿ ಮನಸ್ತಾಪವು ಬಾರದಿರದು. ಆಗ ಸತ್ಯವನ್ನು ಮರೆಮಾಡದೆ ನುಡಿಯಿರಿ; ನುಡಿದ ಮೇಲೆ ಎದುರಿನವರ ಕೈ ಬಿಡಬೇಡಿರಿ. ಈ ಪುಣ್ಯಪುರುಷರ ಬಾಳಿನಿಂದ ನಾವು ಕಲಿಯತಕ್ಕ ಪಾಠವು ಇದೇ.