ನೇಮನಿಷ್ಠ ಗುರುದೇವ ರಾನಡೆ

ಬೆಳಗಿನ ಲೋಕಲ್ ಗಾಡಿಗೆ ಡೊಂಬಿವಲಿ, ಕಲ್ಯಾಣ, ಠಾಣೆಯ ನಿಲ್ದಾಣಗಳತ್ತ ಧಾವಿಸುವ ನಮಗೆ ದೇವರ ಮುಂದೆ ಕೂಡಲು ಪುರುಸೊತ್ತಿಲ್ಲವೆಂಬ ಕೊರಗು ಇದ್ದೇ ಇದೆ. ನಿವೃತ್ತಿಯಾದ ಮೇಲೆ ನೋಡೋಣವೆಂದು ಸಮಾಧಾನ ತಂದುಕೊಳ್ಳುತ್ತೇವೆ. ಹಾಗೆ ಮುಂದೂಡದೆ ಬಾಳಿದ ಮಹನೀಯರು ಗುರುದೇವ ರಾಮಚಂದ್ರ ದತ್ತಾತ್ರೇಯ ರಾನಡೆಯವರು.

1886ರಲ್ಲಿ ಜಮಖಂಡಿಯಲ್ಲಿ ಜನಿಸಿದ ಅವರಿಗೆ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1901ರಲ್ಲಿ ಉಮದಿಯ ಶ್ರೀ ಭಾವೂಸಾಹೇಬ ಮಹಾರಾಜರಿಂದ ನಾಮೋಪದೇಶವಾಯಿತು. ಈ ಇಂಚಗೇರಿ ಸಂಪ್ರದಾಯದಲ್ಲಿ ನೇಮವೆಂದರೆ ಗುರುವಿತ್ತ ನಾಮದ ನಿತ್ಯಧ್ಯಾನ. ಉಷಃಕಾಲದ ಕಾಕಡಾರತಿ, ಭಜನೆ, ದಾಸಬೋಧದ ಪಠಣ ಅದರೊಡನೆ ನಡೆಯತಕ್ಕವು. ಮನೆ ಬಿಡಬೇಕಿಲ್ಲ, ಉದ್ಯೋಗ ತೊರೆಯಬೇಕಿಲ್ಲ. ಆದರೆ ನೇಮ ಒಂದು ದಿನವೂ ತಪ್ಪಕೂಡದು. ನನಗೇನೋ ಸಂನ್ಯಾಸಕ್ಕಿಂತ ಇದೇ ಕಠಿಣವೆನಿಸುತ್ತದೆ!

ರಾನಡೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬೋಧಿಸಿದರು. ತೀವ್ರ ವ್ಯಾಧಿಯಿಂದ ಹಾಸಿಗೆ ಹಿಡಿದಾಗಲೂ ನಾಮವನ್ನು ಬಿಡಲಿಲ್ಲ. 1926ರಲ್ಲಿ ಉಪನಿಷತ್ತುಗಳ ತತ್ತ್ವವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ಪ್ರಕಟವಾಗಿ ಕೀರ್ತಿ ಹಬ್ಬಿತು. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಉಪಕುಲಪತಿಗಳಾಗಿ 1946ರಲ್ಲಿ ನಿವೃತ್ತರಾದರು. ಪಾಠ, ಬರವಣಿಗೆ, ಆಡಳಿತ ಯಾವುದೂ ನೇಮದ ವೇಳೆಯನ್ನು ಕಬಳಿಸಲಿಲ್ಲ. ರಜೆ ಬಂದೊಡನೆ ಅವರು ಸೊಲ್ಲಾಪುರ–ವಿಜಯಪುರ ರೈಲುದಾರಿಯ ನಿಂಬಾಳಕ್ಕೆ ಬರುತ್ತಿದ್ದರು. ಆ ಬಯಲುಸೀಮೆಯ ಪುಟ್ಟ ಊರಿನಲ್ಲಿ ಕನ್ನಡಿಗರೂ ಮರಾಠಿಗರೂ ಒಟ್ಟಿಗೆ ಕುಳಿತು ಧ್ಯಾನಿಸುವರು. ಒಬ್ಬರ ಪದ ಇನ್ನೊಬ್ಬರಿಗೆ ಪರಕೀಯವೆನಿಸುತ್ತಿರಲಿಲ್ಲ. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಈ ಚಿತ್ರ ಆಪ್ತವಾದುದು.

1957ರ ಜೂನ್ 6ರಂದು ಅವರು ನಿಂಬಾಳದಲ್ಲಿಯೇ ದೇಹವಿಟ್ಟರು. ಕಲ್ಯಾಣದಿಂದ ಸೊಲ್ಲಾಪುರದ ಗಾಡಿ ಹಿಡಿದವರಿಗೆ ಅಲ್ಲಿಂದ ಆ ಆಶ್ರಮ ದೂರವೇನಲ್ಲ.