‘ಗೊಲ್ಗೊಥಾ’ ಬರೆದ ಗೋವಿಂದ ಪೈಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ನೀವು ತಪಸ್ಸುಕಾಲದ ಶುಕ್ರವಾರಗಳಂದು ಶಿಲುಬೆಯ ಹಾದಿ ನಡೆಯುವಿರಿ. ಅದೇ ಹಾದಿಯನ್ನು ಕನ್ನಡ ಕಾವ್ಯದಲ್ಲಿ ನಡೆದ ಒಬ್ಬ ಹಿಂದೂ ಕವಿಯನ್ನು ಬಲ್ಲಿರಾ?

ಮಂಜೇಶ್ವರದ ಗೋವಿಂದ ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು. ಮನೆಮಾತು ಕೊಂಕಣಿ, ಬರೆದದ್ದು ಕನ್ನಡ. ಮದರಾಸಿನಲ್ಲಿ ಬಿ.ಎ. ಓದುವಾಗ ತಂದೆ ತೀರಿಕೊಂಡರು. ಪರೀಕ್ಷೆ ಪೂರ್ತಿ ಮುಗಿಸದೆ ಊರಿಗೆ ಮರಳಿದರು. ಬರೆದಿದ್ದ ಇಂಗ್ಲಿಷಿಗೆ ಮಾತ್ರ ಚಿನ್ನದ ಪದಕ ಬಂತು!

ಪದ್ಯದ ಪ್ರತಿ ಸಾಲಿನಲ್ಲೂ ಎರಡನೆಯ ಅಕ್ಷರ ಹೊಂದಲೇಬೇಕೆಂಬ ಕಟ್ಟು ಆಗ ಕನ್ನಡ ಕವಿಗಳಿಗಿತ್ತು. 1911ರಲ್ಲಿ ಪೈಗಳು ಆ ಪ್ರಾಸವನ್ನೇ ಕೈಬಿಟ್ಟರು. ಈಗ ನಮಗೆ ಅದು ದೊಡ್ಡದೆನಿಸಲಿಕ್ಕಿಲ್ಲ. ಅಂದು ಅದಕ್ಕೆ ಎದೆಗಾರಿಕೆ ಬೇಕಿತ್ತು. ಸಂಪ್ರದಾಯಸ್ಥರು ಒಪ್ಪಲಿಲ್ಲ, ಇವರು ಹಿಂದೆಗೆಯಲಿಲ್ಲ.

ಪ್ರಭು ಯೇಸುವಿನ ಕೊನೆಯ ದಿನವನ್ನು ಹಾಡುವ ‘ಗೊಲ್ಗೊಥಾ’ 1930ರ ದಶಕದಲ್ಲಿ ಬಂತು. ಬುದ್ಧನ ಕೊನೆಯ ದಿನಕ್ಕೆ ‘ವೈಶಾಖಿ’ ಬರೆದರು. ಪರಧರ್ಮದ ಮಹಾತ್ಮನೆಂದು ದೂರ ನಿಂತು ಕೈಮುಗಿದವರಲ್ಲ, ಶುಭಸಂದೇಶವನ್ನು ಓದಿ ಅರಗಿಸಿಕೊಂಡವರು. ನಮ್ಮಲ್ಲೇ ಎಷ್ಟು ಮನೆಗಳಲ್ಲಿ ಆ ಪುಸ್ತಕವಿದೆ?

1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. 1956ರಲ್ಲಿ ನಮ್ಮ ಬೆಳಗಾವಿ ಸೀಮೆ ಕನ್ನಡನಾಡಿಗೆ ಸೇರಿತು. ಅವರ ಮಂಜೇಶ್ವರ ಕೇರಳದ ಪಾಲಾಯಿತು. ಆ ಕೊರಗು ಅವರನ್ನು ಬಿಡಲಿಲ್ಲ. 1963ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಗಡಿಯಾಚೆಯ ಆ ಮನೆ ಈಗ ಅವರ ಸ್ಮಾರಕ. ಹೆಸರು, ಅವರ ಮೊದಲ ಕವನಸಂಕಲನದ್ದೇ: ‘ಗಿಳಿವಿಂಡು’.