ಪಾದರಸದಲ್ಲಿ ನೆನಪಿಟ್ಟ ಅಲನ್ ಟ್ಯೂರಿಂಗ್

ಮಕ್ಕಳೇ, ಚೀಟಿ ಕೊಡದೆ ಅಮ್ಮ ಅಂಗಡಿಗೆ ಕಳಿಸಿದರೆ ಏನು ಮಾಡುತ್ತೀರಿ? ‘ಅರ್ಧ ಕೆ.ಜಿ. ಬೆಲ್ಲ, ಕಾಲು ಕೆ.ಜಿ. ಕಡಲೆಬೇಳೆ’ ಎಂದು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಾ ಹೋಗುತ್ತೀರಿ, ಅಲ್ಲವೇ? ಹೇಳುವುದನ್ನು ನಿಲ್ಲಿಸಿದರೆ ಮರೆತೇ ಹೋಗುತ್ತದೆ! ಆರಂಭ ಕಾಲದ ಕೆಲವು ಗಣಕಯಂತ್ರಗಳೂ ಹೀಗೆಯೇ ನೆನಪಿಟ್ಟುಕೊಳ್ಳುತ್ತಿದ್ದವು. ಅಂಥ ಒಂದು ಯಂತ್ರವನ್ನು ರೂಪಿಸಿದವರು ಅಲನ್ ಟ್ಯೂರಿಂಗ್.

ಅವರು ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ಅಧಿಕಾರಿ. ನಮ್ಮ ಬಳ್ಳಾರಿ, ಮಂಗಳೂರುಗಳೂ ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದವು. ತಂದೆತಾಯಿ ಭಾರತದಲ್ಲಿದ್ದಾಗ ಅಲನ್ ಮತ್ತು ಅಣ್ಣ ಜಾನ್ ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದರು.

1936ರಲ್ಲಿ, 24ರ ಹರೆಯದಲ್ಲಿ, ಉದ್ದನೆಯ ಪಟ್ಟಿಯ ಮೇಲೆ ಗುರುತು ಬರೆಯುತ್ತಾ ಅಳಿಸುತ್ತಾ ಲೆಕ್ಕ ಮಾಡುವ ಕಾಲ್ಪನಿಕ ಯಂತ್ರವೊಂದನ್ನು ಅವರು ವಿವರಿಸಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ರಹಸ್ಯ ಸಂದೇಶಗಳನ್ನು ಬಿಡಿಸುವ ಕೆಲಸದಲ್ಲಿ ದುಡಿದರು. ಯುದ್ಧ ಮುಗಿದ ಮೇಲೆ 1945ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯ ಸೇರಿ, ‘ಏಸ್’ ಎಂಬ ನಿಜವಾದ ಯಂತ್ರದ ನಕ್ಷೆ ಸಿದ್ಧಪಡಿಸಿದರು.

ಏಸ್‌ನ ನೆನಪು ಇರಬೇಕಾಗಿದ್ದುದು ಪಾದರಸದಲ್ಲಿ! ಸುಮಾರು 5 ಅಡಿ ಉದ್ದದ ಕೊಳವೆ, ಅದರ ತುಂಬ ಪಾದರಸ. (ಪಾದರಸ ವಿಷ. ಥರ್ಮಾಮೀಟರ್ ಒಡೆದರೆ ಮುಟ್ಟಬೇಡಿ.) ಒಂದು ತುದಿಯ ಹರಳು ವಿದ್ಯುತ್ ಮಿಡಿತವನ್ನು ಶಬ್ದದ ಅಲೆಯಾಗಿ ಬದಲಿಸುತ್ತದೆ. ಆ ಅಲೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ ಇನ್ನೊಂದು ತುದಿ ತಲುಪುತ್ತದೆ. ಅಲ್ಲಿನ ಹರಳು ಅದನ್ನು ಪುನಃ ವಿದ್ಯುತ್ ಮಿಡಿತವಾಗಿಸುತ್ತದೆ. ಅದಕ್ಕೆ ಬಲ ತುಂಬಿ ಮತ್ತೆ ಮೊದಲ ತುದಿಗೆ ಕಳಿಸಬೇಕು. ಹೀಗೆ 1024 ಮಿಡಿತಗಳು ಒಂದೇ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತವೆ. ನಿಮಗೆ ಬೇಕಾದ ಸಂಖ್ಯೆ ಈಗಷ್ಟೇ ದಾಟಿಹೋಗಿದ್ದರೆ? ತಪ್ಪಿದ ಬಸ್ಸಿಗೆ ಕಾದಂತೆ, ಅದು ಸುತ್ತಿ ಬರುವವರೆಗೆ ಕಾಯಬೇಕು.

ಇನ್ನೊಂದು ತೊಡಕಿತ್ತು. ದೊಡ್ಡ ಲೆಕ್ಕದ ನಡುವೆ ಒಂದು ಭಾಗಾಕಾರ ಬಂತು ಎನ್ನಿ. ಯಂತ್ರ ಆ ಭಾಗಾಕಾರಕ್ಕೆ ಹೋಗುತ್ತದೆ. ಅದನ್ನು ಮುಗಿಸಿದ ಮೇಲೆ ಎಲ್ಲಿಗೆ ಹಿಂತಿರುಗಬೇಕು? ಹೊರಡುವ ಮುನ್ನ ಬಿಟ್ಟ ಜಾಗದ ಗುರುತನ್ನು ನೆನಪಿನಲ್ಲಿ ‘ಹೂಳಬೇಕು’, ಕೆಲಸ ಮುಗಿದ ಮೇಲೆ ‘ಅಗೆದು ತೆಗೆಯಬೇಕು’ ಎಂದರು ಟ್ಯೂರಿಂಗ್. ಇದೇ ಅರ್ಥದ ಇಂಗ್ಲಿಷ್ ಪದಗಳನ್ನೇ ಅವರು ಬಳಸಿದ್ದರು. ಬಿಸಿಯೂಟದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತೀರಲ್ಲ? ಕೊನೆಗೆ ಇಟ್ಟ ತಟ್ಟೆಯೇ ಮೊದಲು ಕೈಗೆ ಬರುತ್ತದೆ. ಹಾಗೆಯೇ ಕೊನೆಗೆ ಹೂತ ಗುರುತು ಮೊದಲು ಹೊರಬರುತ್ತದೆ. 1957ರಲ್ಲಿ ಜರ್ಮನಿಯ ಬಾಯರ್ ಮತ್ತು ಸ್ಯಾಮೆಲ್ಸನ್ ಇಂಥದೇ ಉಪಾಯಕ್ಕೆ ಪೇಟೆಂಟ್ ಕೋರಿದರು. 1970ರ ದಶಕದಲ್ಲಿ ಬಂದ ‘ಸಿ’ ಭಾಷೆಯ ಕಾರ್ಯಕ್ರಮಗಳು ಇಂದಿಗೂ ಸಾಮಾನ್ಯವಾಗಿ ಹೀಗೆಯೇ ದಾರಿ ನೆನಪಿಡುತ್ತವೆ. ಈ ಜೋಡಣೆಗೆ ಈಗಿನ ಹೆಸರು ‘ಸ್ಟ್ಯಾಕ್’.

ನಕ್ಷೆ ಸಿದ್ಧವಾದರೂ ಯಂತ್ರ ಮೇಲೇಳಲಿಲ್ಲ. ಯುದ್ಧಕಾಲದಲ್ಲಿ ಸಾವಿರಕ್ಕೂ ಹೆಚ್ಚು ವಾಲ್ವ್‌ಗಳಿದ್ದ ಯಂತ್ರ ಚೆನ್ನಾಗಿ ಓಡಿದ್ದು ಟ್ಯೂರಿಂಗ್‌ಗೆ ಗೊತ್ತಿತ್ತು. ವಾಲ್ವ್ ಎಂದರೆ ಹಳೆಯ ರೇಡಿಯೋಗಳೊಳಗೆ ಮಿನುಗುತ್ತಿದ್ದ ಗಾಜಿನ ಬುರುಡೆ. ಆದರೆ ಅದು ಸರ್ಕಾರಿ ಗುಟ್ಟು, ಹೇಳುವಂತಿರಲಿಲ್ಲ. ಕೆಲಸ ತಡವಾಗುತ್ತಲೇ ಹೋಯಿತು. ಈ ನಡುವೆ ಅವರು ಓಟದಲ್ಲಿ ಮುಂದಿದ್ದರು! 1947ರಲ್ಲಿ ಮ್ಯಾರಥಾನನ್ನು 2 ಗಂಟೆ 46 ನಿಮಿಷದಲ್ಲಿ ಓಡಿದರು. ಕೊನೆಗೆ ಬೇಸತ್ತು 1948ರಲ್ಲಿ ಪ್ರಯೋಗಾಲಯ ಬಿಟ್ಟು ಮ್ಯಾಂಚೆಸ್ಟರಿಗೆ ಹೋದರು. ನಕ್ಷೆಯ ಕಿರಿದಾದ ರೂಪ ‘ಪೈಲಟ್ ಏಸ್’ 1950ರ ಮೇ 10ರಂದು ಮೊದಲ ಲೆಕ್ಕ ಮಾಡಿದಾಗ ಟ್ಯೂರಿಂಗ್ ಅಲ್ಲಿನ ಉದ್ಯೋಗಿಯಾಗಿರಲಿಲ್ಲ.

1952ರಲ್ಲಿ ಇನ್ನೊಬ್ಬ ಗಂಡಸಿನೊಡನೆ ಸಂಬಂಧವಿತ್ತೆಂದು ಅವರಿಗೆ ಶಿಕ್ಷೆಯಾಯಿತು. ಆಗಿನ ಬ್ರಿಟಿಷ್ ಕಾನೂನು ಅದನ್ನು ಅಪರಾಧವೆನ್ನುತ್ತಿತ್ತು. 1954ರ ಜೂನ್ 7ರಂದು, ಇನ್ನೂ 41 ವರ್ಷ, ಅವರು ತೀರಿಕೊಂಡರು. 2009ರಲ್ಲಿ ಬ್ರಿಟನ್ ಸರ್ಕಾರ ಅವರಿಗೆ ಆದ ಅನ್ಯಾಯಕ್ಕೆ ಕ್ಷಮೆ ಕೇಳಿತು. 2021ರಲ್ಲಿ ಹೊರಬಂದ 50 ಪೌಂಡ್ ನೋಟಿನಲ್ಲಿ ಅವರ ಚಿತ್ರವಿದೆ. ಅದೇ ನೋಟಿನಲ್ಲಿ ಪೈಲಟ್ ಏಸ್ ಯಂತ್ರದ ಚಿತ್ರವೂ ಇದೆ.